ಸವಕಲೋ, ಕೊರಕಲೋ? ಹಗ್ಗ ಉಜ್ಜಿದ ಗುರುತಿಗೆ ಪದ ಬೇಕು

ಗೆಳೆಯರೇ,

ಗುಹೆಗೆ ಇಳಿಯುವವರು ಹಿಂದೆ ಬಳಸುತ್ತಿದ್ದ ಹಗ್ಗದ ಸಾಧನಗಳನ್ನು ಕೂಡಿಡುವ ಹುಚ್ಚು ನನಗೆ. ಒಂದೊಂದಕ್ಕೂ ಕನ್ನಡದಲ್ಲೇ ಚೀಟಿ ಬರೆದು ಕಟ್ಟುತ್ತೇನೆ. ‘ಸ್ಥಿತಿ’ ಅನ್ನುವ ಸಾಲಿಗೆ ಬಂದಾಗ ಮಾತ್ರ ಪೆನ್ನು ನಿಂತುಬಿಡುತ್ತದೆ.

ಹೆಸರುಗಳ ತಕರಾರು ನನಗಿಲ್ಲ. ಹಗ್ಗವನ್ನು ಕಚ್ಚಿ ಹಿಡಿದು ಮೇಲೇರಲು ಬಳಸುವ ಜೂಮಾರ್ ಅನ್ನು ಜೂಮಾರ್ ಅಂತಲೇ ಬರೆಯುತ್ತೇನೆ. 1958ರಲ್ಲಿ ಅದನ್ನು ಮಾಡಿದ ಸ್ವಿಟ್ಜರ್ಲೆಂಡಿನ ಯೂಸಿ ಮತ್ತು ಮಾರ್ಟಿ, ಇಬ್ಬರ ಹೆಸರೂ ಅದರಲ್ಲಿ ಸೇರಿದೆ. ಸುಮ್ನೆ ‘ಏರುಗ’ ಅಂತ ಮಾಡಿ ಅದನ್ನು ಯಾಕೆ ಅಳಿಸಬೇಕು? (ಅದಕ್ಕೂ ಮೊದಲು ಫ್ರಾನ್ಸಿನ ಬ್ರೆನೋ ಮಾಡಿದ್ದ ಇಂಥದ್ದೇ ಸಾಧನವನ್ನು ಅಲ್ಲಿನವರು ‘ಕೋತಿ’ ಅಂದರು. ಅದನ್ನು ಮಾತ್ರ ಖುಷಿಯಿಂದ ಕನ್ನಡಕ್ಕೆ ತಂದುಕೊಂಡಿದ್ದೇನೆ.) ದಪ್ಪ ಹಗ್ಗಕ್ಕೆ ತೆಳು ಹಗ್ಗ ಸುತ್ತಿ ಹಾಕುವ ಪ್ರೂಸಿಕ್ ಗಂಟಿಗೆ ‘ಜೀರುಗುಣಿಕೆ’ ಸಾಲದೇ ಅಂತ ಒಬ್ಬರು ಕೇಳಿದ್ದರು. ಸಾಲದು. ಜೀರುಗುಣಿಕೆ ಎಳೆದಂತೆ ಜಾರಿ ಬಿಗಿಯುತ್ತದೆ. ಪ್ರೂಸಿಕ್ ಭಾರ ಬಿದ್ದರೆ ಕಚ್ಚಿ ನಿಲ್ಲುತ್ತದೆ, ಭಾರ ತೆಗೆದರೆ ಕೈಯಲ್ಲಿ ಸರಿಯುತ್ತದೆ.

ನನ್ನ ತೊಡಕು ಬೇರೆ. ಮೇಜಿನ ಮೇಲೆ ಈಗ ಇಳಿಯಲು ಬಳಸುವ ಒಂದು ಬಾಬಿನ್ ಇದೆ. ಎರಡು ಅಲ್ಯೂಮಿನಿಯಂ ಗಾಲಿ. ನೋಡಲು ರಾಟೆಯ ಹಾಗಿದ್ದರೂ ತಿರುಗುವುದಿಲ್ಲ. ಹಗ್ಗ ಅವೆರಡರ ನಡುವೆ ಹಾವಿನಂತೆ ಬಳಸಿ, ಉಜ್ಜಿಕೊಂಡು ಹೋಗುತ್ತದೆ. ಕೆಸರು ಮೆತ್ತಿದ ಹಗ್ಗವೆಂದರೆ ಉಪ್ಪುಕಾಗದವೇ. ಗಾಲಿ ತಿರುಗದ ಕಾರಣ ಸವೆತವೆಲ್ಲ ಒಂದೇ ಬದಿಗೆ. ಅಲ್ಲಿ ಹೆಬ್ಬೆರಳಿನ ಉಗುರು ಮುಳುಗುವಷ್ಟು ಆಳವಾಗಿದೆ.

ಇದಕ್ಕೆ ‘ಸವಕಲು’ ಅಂತ ಬರೆದಿದ್ದೆ. ಚೀಟಿ ನೋಡಿದ ಗೆಳೆಯ, “ಹಾಗಾದ್ರೆ ಎಸೆಯೋದಾ?” ಅಂದ. ಅವನದೇನೂ ತಪ್ಪಿಲ್ಲ. ಸವಕಲು ನಾಣ್ಯ ಯಾರೂ ಮುಟ್ಟದ್ದು, ಸವಕಲು ಮಾತು ರುಚಿ ಕೆಟ್ಟದ್ದು. ಪದದೊಳಗೇ ತಿರಸ್ಕಾರ ಕೂತುಬಿಟ್ಟಿದೆ. ಈ ಬಾಬಿನ್ ನಂಬಿ ಇನ್ನು ಯಾರೂ ಇಳಿಯಬಾರದು, ನಿಜ. ಆದರೆ ಕೂಡಿಡುವವನಿಗೆ ಆ ಗುರುತೇ ಜಾಸ್ತಿ ಬೆಲೆಯದ್ದು. ಡಬ್ಬಿಯಲ್ಲೇ ಕೂತಿದ್ದ ಸಾಧನ ಇದಲ್ಲ ಅಂತ ಅದೇ ಹೇಳುತ್ತದೆ, ಅಲ್ವಾ?

‘ಕೊರಕಲು’ ಅಂದರೆ? ಮಳೆನೀರು ಹರಿದ ನೆಲ ಕಣ್ಣಿಗೆ ಬರುತ್ತದೆ, ಅಂಚೆಲ್ಲ ಒರಟು. ಇದು ನುಣ್ಣಗಿದೆ, ಹೊಳೆಯುತ್ತದೆ. ಬಾವಿಕಟ್ಟೆಯ ಕಲ್ಲಿನ ಮೇಲೆ ಹಗ್ಗ ಮೂಡಿಸುವ ಗುರುತಿನ ಹಾಗೆ. ಆ ಗುರುತಿಗೆ ನಿಮ್ಮ ಕಡೆ ಏನನ್ನುತ್ತಾರೆ? ಇದ್ದರೆ ಅದನ್ನೇ ಎತ್ತಿಕೊಳ್ಳುತ್ತೇನೆ.

ಜೊತೆಗೆ ಇನ್ನೊಂದು. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು. ಅಲ್ಯೂಮಿನಿಯಂ ಮೇಲೆ ಏಳುವ ಬಿಳಿ ಪುಡಿಗೆ? ಒರೆಸಿದರೆ ಅಡಿಯಲ್ಲಿ ಸಣ್ಣ ಸಣ್ಣ ಗುಳಿ. ಹಳೆಯ ಜೂಮಾರ್‌ನಲ್ಲಿ ಚೌಕಟ್ಟು ಅಲ್ಯೂಮಿನಿಯಂ ಎರಕದ್ದು, ಹಗ್ಗ ಕಚ್ಚುವ ಹಲ್ಲು ಉಕ್ಕಿನದು. ಬರೀ ‘ತುಕ್ಕು’ ಅಂತ ಬರೆದರೆ ಯಾವುದಕ್ಕೆ ಹಿಡಿದದ್ದು ಅಂತ ತಿಳಿಯುವುದಿಲ್ಲ. ಸದ್ಯಕ್ಕೆ ‘ಬಿಳಿಪುಡಿ ಎದ್ದಿದೆ’ ಅಂತ ಬರೆದು ಸುಮ್ಮನಾಗಿದ್ದೇನೆ.

ಹೊಸದಾಗಿ ಕಟ್ಟಿದ ಪದ ಬೇಡ. ಪಾತ್ರೆ ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ಯಾರಾದರೂ ಆಡಿದ್ದು ಕಿವಿಗೆ ಬಿದ್ದಿದ್ದರೆ, ಕೇಳಿದ ಹಾಗೇ ಬರೆಯಿರಿ.