ಪಟ್ಟೆ ಪಟ್ಟೆ ಉಣ್ಣೆ ಕಾಲುಚೀಲ: ಮನೆಯಲ್ಲೇ ಬಣ್ಣ ಹಾಕಿ ಹೆಣೆದವರು ಸ್ವಲ್ಪ ಹೇಳಿ

ಪ್ರಶ್ನೆ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಮಗಳು ಓದಲು ಕೆನಡಾದ ಎಡ್ಮಂಟನ್‌ಗೆ ಹೊರಟಿದ್ದಾಳೆ. ಅಲ್ಲಿನ ಚಳಿಗೆ ನಾನೇ ಹೆಣೆದ ಉಣ್ಣೆ ಕಾಲುಚೀಲ ಕೊಟ್ಟು ಕಳಿಸಬೇಕು ಅಂತ ಆಸೆ. ಬಣ್ಣ ಹಾಕದ ಬಿಳಿ ನೂಲು 100 ಗ್ರಾಂ ತರಿಸಿದ್ದೇನೆ. ಮುಕ್ಕಾಲು ಪಾಲು ಮೆರಿನೋ ಉಣ್ಣೆ, ಕಾಲು ಪಾಲು ನೈಲಾನ್, ಸೂಪರ್‌ವಾಶ್ (ಮಷಿನ್‌ನಲ್ಲಿ ಒಗೆದರೂ ಮುದುಡದ ಹಾಗೆ ಹದ ಮಾಡಿದ್ದು), ಉದ್ದ 400 ಮೀಟರ್ ಅಂತ ಚೀಟಿಯಲ್ಲಿದೆ. ಇದಕ್ಕೆ ಮನೆಯಲ್ಲೇ ಬಣ್ಣ ಹಾಕಿ ಗುಲಾಬಿ, ನೀಲಿ ಪಟ್ಟೆ ಬರಿಸಬೇಕು. ಅಂಗಡಿಯಲ್ಲಿ ಸಿಗುವ ಕೆಲವು ಉಂಡೆಗಳಲ್ಲಿ ಹೆಣೆಯುತ್ತಾ ಹೋದ ಹಾಗೆ ಪಟ್ಟೆ ತಾನಾಗೇ ಬೀಳುತ್ತದಲ್ಲ, ಹಾಗೆ. ಸ್ವೆಟರ್ ಹೆಣೆದು ಅಭ್ಯಾಸ ಇದೆ, ಕಾಲುಚೀಲ ಇದೇ ಮೊದಲು. ಎಲ್ಲಿಂದ ಶುರು ಮಾಡಲಿ? ಹಿಮ್ಮಡಿ ಹೇಗೆ? ಒಗೆದರೆ ಬಣ್ಣ ಬಿಡುತ್ತದಾ?

ಮೈಸೂರಿನಿಂದ

ಅಕ್ಕಾ, ಬಣ್ಣದ ಪಾತ್ರೆ ಒಲೆ ಮೇಲಿಡುವ ಮೊದಲು ಕಡ್ಡಿ ಹಿಡಿಯಿರಿ. ನಿಮ್ಮ ಕೈಯಲ್ಲಿ ಒಂದು ಸುತ್ತು ಹೆಣೆಯಲು ಎಷ್ಟು ನೂಲು ಹಿಡಿಯುತ್ತದೆ ಅಂತ ತಿಳಿಯದೆ ಬಣ್ಣ ಹಾಕಿದರೆ ಪಟ್ಟೆ ಎಲ್ಲೋ ಬೀಳುತ್ತದೆ. ಉಳಿದದ್ದೆಲ್ಲ ಆಮೇಲೆ ಕಲಿಯಬಹುದು. ಈ ಒಂದು ಅಳತೆ ಮಾತ್ರ ಬಿಡಬೇಡಿ.

ಮಗಳ ಪಾದದ ಸುತ್ತಳತೆಯನ್ನು ಬೆರಳುಗಳ ಬುಡದ ಅಗಲವಾದ ಜಾಗದಲ್ಲಿ ತೆಗೆದುಕೊಳ್ಳಿ. ಕಾಲುಚೀಲ ಅದಕ್ಕಿಂತ ನೂರಕ್ಕೆ ಹತ್ತರಷ್ಟು ಚಿಕ್ಕದಿರಬೇಕು, ಇಲ್ಲದಿದ್ದರೆ ಜಾರುತ್ತದೆ. ಸುತ್ತಳತೆ 22 ಸೆಂ.ಮೀ. ಇದ್ದರೆ ಕಾಲುಚೀಲ ಸುಮಾರು 20 ಸೆಂ.ಮೀ. ಇಂಥ ತೆಳು ನೂಲಿಗೆ 2.25 ಮಿ.ಮೀ. ಕಡ್ಡಿ ಸರಿ. 10 ಸೆಂ.ಮೀ.ಗೆ 32 ಹೊಲಿಗೆ ಬಂದರೆ ಒಟ್ಟು 64 ಹೊಲಿಗೆ ಹಾಕಿಕೊಳ್ಳಬೇಕು. ಕೈ ಸಡಿಲ ಇದ್ದವರು 2 ಮಿ.ಮೀ. ಕಡ್ಡಿಗೆ ಇಳಿಯಬೇಕಾಗಬಹುದು. ಎರಡೂ ತುದಿ ಚೂಪಿರುವ ಐದು ಕಡ್ಡಿಗಳ ಸೆಟ್ ಆದರೂ ಸರಿ, 80 ಸೆಂ.ಮೀ. ಸರ್ಕ್ಯುಲರ್ ಕಡ್ಡಿಯಲ್ಲಿ ಮ್ಯಾಜಿಕ್ ಲೂಪ್ (ಕಡ್ಡಿಯ ಉದ್ದ ತಂತಿಯನ್ನು ಕುಣಿಕೆಯಾಗಿ ಹೊರಗೆಳೆದು ಚಿಕ್ಕ ಸುತ್ತು ಹೆಣೆಯುವುದು) ಮಾಡಿದರೂ ಸರಿ.

ಈಗ ಆ ಬಿಳಿ ನೂಲಲ್ಲೇ 64 ಹೊಲಿಗೆ ಹಾಕಿ, ಒಂದೆರಡು ಇಂಚು ಸುತ್ತಲೂ ನಿಟ್, ಅಂದರೆ ಸೀದಾ ಹೊಲಿಗೆ, ಹೆಣೆಯಿರಿ. ಒಂದು ಸುತ್ತು ಮುಗಿದ ಜಾಗದಲ್ಲಿ ನೂಲಿಗೆ ಬೇರೆ ಬಣ್ಣದ ದಾರ ಕಟ್ಟಿ. ಅಲ್ಲಿಂದ 10 ಸುತ್ತು ಹೆಣೆದು ಇನ್ನೊಂದು ದಾರ ಕಟ್ಟಿ. ಆಮೇಲೆ ಬಿಚ್ಚಿ, ಎರಡು ಗುರುತಿನ ನಡುವೆ ಎಷ್ಟು ಉದ್ದ ಅಂತ ಟೇಪ್ ಹಿಡಿದು ನೋಡಿ. ಸಾಮಾನ್ಯವಾಗಿ ಆರರಿಂದ ಏಳು ಮೀಟರ್ ಬರುತ್ತದೆ. ಅಂದರೆ ಒಂದು ಸುತ್ತಿಗೆ ಸುಮಾರು 65 ಸೆಂ.ಮೀ. ಆರು ಸುತ್ತಿನ ಪಟ್ಟೆ ಬೇಕಿದ್ದರೆ ಒಂದೊಂದು ಬಣ್ಣಕ್ಕೆ 4 ಮೀಟರ್ ಬೇಕು. ಹೆಣೆದಾಗ ಆ ಪಟ್ಟೆ ಒಂದೂಕಾಲು, ಒಂದೂವರೆ ಸೆಂ.ಮೀ. ಅಗಲ ಕಾಣುತ್ತದೆ. ಕಾಲಿಗೆ ಅದು ಚೆಂದದ ಅಳತೆ.

ಅಂಗಡಿಯಿಂದ ಬರುವ ಲಡಿಯ (ಉಂಡೆ ಮಾಡದೆ ದೊಡ್ಡ ಉಂಗುರದ ಹಾಗೆ ಸುತ್ತಿದ ನೂಲಿನ) ಸುತ್ತಳತೆ ಹೆಚ್ಚಾಗಿ ಒಂದೂವರೆ ಮೀಟರ್. ಅದನ್ನೇ ಅರ್ಧ ಗುಲಾಬಿ, ಅರ್ಧ ನೀಲಿ ಮಾಡಿದರೆ ಒಂದೊಂದು ಬಣ್ಣ ಮುಕ್ಕಾಲು ಮೀಟರ್ ಅಷ್ಟೇ. ಒಂದು ಸುತ್ತಿಗೆ ಮುಗಿದುಹೋಗುತ್ತದೆ. ಪಟ್ಟೆ ಬದಲು ಬಣ್ಣ ಸುರುಳಿ ಸುರುಳಿಯಾಗಿ ಏರುತ್ತದೆ. ಅದೂ ನೋಡಲು ಚೆನ್ನಾಗೇ ಇರುತ್ತದೆ, ಆದರೆ ನೀವು ಕೇಳಿದ್ದು ಅದಲ್ಲ. ಹಾಗಾಗಿ 8 ಮೀಟರ್ ಸುತ್ತಳತೆಯ ದೊಡ್ಡ ಲಡಿ ಮಾಡಿಕೊಳ್ಳಬೇಕು. ಎರಡು ಕುರ್ಚಿಗಳನ್ನು 4 ಮೀಟರ್ ದೂರ ಇಟ್ಟು ಬೆನ್ನಿಗೆ ಸುತ್ತಿದರೆ ಆಯಿತು. ಹಾಲ್ ಚಿಕ್ಕದಿದ್ದರೆ ನಾಲ್ಕು ಕುರ್ಚಿ ಬಳಸಿ, ಕಿಟಕಿ ಸರಳಿಗೂ ಒಂದು ತಿರುವು ಕೊಟ್ಟು ಅಂಕುಡೊಂಕಾಗಿ ಸುತ್ತಬಹುದು. ಒಂದು ಪೂರ್ತಿ ಸುತ್ತು 8 ಮೀಟರ್ ಇದ್ದರೆ ಸಾಕು. ನೂಲನ್ನು ಬಿಗಿಯಾಗಿ ಎಳೆಯಬೇಡಿ. ಉಣ್ಣೆ ಹಿಗ್ಗುತ್ತದೆ, ಬಿಟ್ಟ ಮೇಲೆ ಕುಗ್ಗಿ ಅಳತೆ ತಪ್ಪುತ್ತದೆ.

ಪೂರ್ತಿ 100 ಗ್ರಾಂ ಸುತ್ತಬೇಡಿ. 20 ಗ್ರಾಂ ಪಕ್ಕಕ್ಕೆ ತೆಗೆದಿಡಿ, ಹಿಮ್ಮಡಿಗೂ ಬೆರಳ ತುದಿಗೂ ಅದು ಒಂದೇ ಬಣ್ಣ ಇರಲಿ. ಉಳಿದ 80 ಗ್ರಾಂಗೆ ಲಡಿಯಲ್ಲಿ 40 ಸುತ್ತು ಬರುತ್ತದೆ. ಒಂದು ಜೊತೆಗೆ ಧಾರಾಳ. ಲಡಿಯನ್ನು ಹತ್ತಾರು ಕಡೆ ಹತ್ತಿ ದಾರದಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಬಿಗಿ ಕಟ್ಟಿದರೆ ಆ ಜಾಗಕ್ಕೆ ಬಣ್ಣ ಹೋಗುವುದಿಲ್ಲ. ಇಷ್ಟು ಉದ್ದದ ಲಡಿ ಸಿಕ್ಕಾದರೆ ಬಿಡಿಸುವುದರಲ್ಲಿ ದಿನ ಹೋಗುತ್ತದೆ, ಆದ್ದರಿಂದ ಕಟ್ಟು ಜಾಸ್ತಿಯಾದರೂ ಪರವಾಗಿಲ್ಲ.

ಬಣ್ಣಕ್ಕೆ ಉಣ್ಣೆಗೆಂದೇ ಸಿಗುವ ಆಸಿಡ್ ಡೈ ತೆಗೆದುಕೊಳ್ಳಿ. ಹೆಸರು ಕೇಳಿ ಹೆದರಬೇಡಿ, ಅದಕ್ಕೆ ಬೇಕಾದ ಹುಳಿ ಅಂದರೆ ವಿನೆಗರ್ ಅಷ್ಟೇ. ಆದರೆ ಪುಡಿ ಮೂಗಿಗೆ ಹೋಗಬಾರದು, ಕಲಸುವಾಗ ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಬಳಸಿದ ಪಾತ್ರೆ ಮತ್ತೆ ಅಡುಗೆಗೆ ಬೇಡವೇ ಬೇಡ. 1 ಗ್ರಾಂ ಪುಡಿಯನ್ನು 100 ಮಿ.ಲೀ. ಬಿಸಿನೀರಲ್ಲಿ ಕರಗಿಸಿ. 40 ಗ್ರಾಂ ನೂಲಿಗೆ ಈ ನೀರು 40 ಮಿ.ಲೀ. ಹಾಕಿದರೆ ಮಧ್ಯಮ ಬಣ್ಣ. ತಿಳಿಗುಲಾಬಿಗೆ ಅದರ ಅರ್ಧ. ಕಡುನೀಲಿಗೆ ಮೂರು ಪಟ್ಟು.

ನೂಲನ್ನು ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ. ಎರಡು ದೊಡ್ಡ ಗಾಜಿನ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಗುಲಾಬಿ, ಇನ್ನೊಂದಕ್ಕೆ ನೀಲಿ, ಲೀಟರ್ ನೀರಿಗೆ ಎರಡು ದೊಡ್ಡ ಚಮಚ ವಿನೆಗರ್. ಲಡಿಯ ಅರ್ಧ ಇದರಲ್ಲಿ, ಅರ್ಧ ಅದರಲ್ಲಿ ಮುಳುಗಲಿ. ಬಾಟಲಿಗಳ ಬಾಯಿಯ ಹತ್ತಿರ ಒಂದರಿಂದ ಇನ್ನೊಂದಕ್ಕೆ ದಾಟುವ ಒಂದು ಗೇಣು ನೂಲಿಗೆ ಚಮಚದಿಂದ ಬಣ್ಣ ಹನಿಸಿ. ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಮಡಚಿ ಹಾಸಿ, ಬಾಟಲಿಗಳನ್ನು ಇಟ್ಟು, ಸುತ್ತ ತಣ್ಣೀರು ತುಂಬಿ ಸಣ್ಣ ಉರಿಯಲ್ಲಿ ಕಾಯಿಸಿ. ಬಿಸಿನೀರಿಗೆ ತಣ್ಣನೆಯ ಗಾಜು ಇಟ್ಟರೆ ಸೀಳುತ್ತದೆ. ಕುದಿಯುವುದಕ್ಕೆ ಸ್ವಲ್ಪ ಮುಂಚಿನ ಹದದಲ್ಲಿ, ಅಂದರೆ 85, 90 ಡಿಗ್ರಿಯಲ್ಲಿ, ಮುಕ್ಕಾಲು ಗಂಟೆ ಇರಲಿ. ಕಲಕಬೇಡಿ.

ಮೊದಲು ಬಾಟಲಿಯ ನೀರು ಗಾಢ ನೀಲಿ ಇರುತ್ತದೆ, ಒಳಗಿನ ನೂಲೇ ಕಾಣುವುದಿಲ್ಲ. ಕಾಯುತ್ತಾ ಹೋದಂತೆ ಗಾಜಿನ ಅಂಚಿನಲ್ಲಿ ನೀರು ತಿಳಿಯಾಗುತ್ತದೆ. ಆಮೇಲೆ ನೂಲಿನ ಎಳೆ ಎಳೆ ಕಾಣುತ್ತದೆ. ಚಮಚದಲ್ಲಿ ನೀರೆತ್ತಿ ಬಿಳಿ ತಟ್ಟೆಗೆ ಹಾಕಿ ನೋಡಿ. ಬರೀ ನೀರಿನ ಹಾಗಿದ್ದರೆ ಬಣ್ಣವೆಲ್ಲ ಉಣ್ಣೆಯೊಳಗೆ ಸೇರಿದೆ ಅಂತ ಅರ್ಥ, ಇನ್ನು ಒಗೆದರೆ ಬಿಡುವುದಿಲ್ಲ. ನೀರಲ್ಲಿ ಇನ್ನೂ ಬಣ್ಣ ಇದ್ದರೆ ಸ್ವಲ್ಪ ವಿನೆಗರ್ ಸೇರಿಸಿ, ಇನ್ನೊಂದು ಕಾಲು ಗಂಟೆ ಬಿಡಿ. ಉರಿ ಆರಿಸಿದ ಮೇಲೆ ಅದೇ ನೀರಲ್ಲಿ ಪೂರ್ತಿ ತಣಿಯಲಿ. ಬಿಸಿ ಉಣ್ಣೆಗೆ ಒಮ್ಮೆಲೇ ನಲ್ಲಿ ನೀರು ಬಿಡಬಾರದು.

ಹುಬ್ಬಳ್ಳಿಯಿಂದ

ಮೇಡಂ, ಬಣ್ಣ ಹಾಕುವ ಮೊದಲು ಅದು ನಿಜವಾಗಿ ಉಣ್ಣೆಯೇ ಅಂತ ನೋಡಿಕೊಳ್ಳಿ. ನಮ್ಮ ಕಡೆ ಅಂಗಡಿಗಳಲ್ಲಿ ಉಲನ್ ಅಂತ ಮಾರುವುದು ಬಹಳಷ್ಟು ಅಕ್ರಿಲಿಕ್ ಅನ್ನುವ ಕೃತಕ ನೂಲು. ಆಸಿಡ್ ಡೈ ಅದಕ್ಕೆ ಹತ್ತುವುದಿಲ್ಲ. ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿ ಆಗುತ್ತದೆ. ನಿಮ್ಮದರಲ್ಲಿ ಕಾಲು ಪಾಲು ನೈಲಾನ್ ಇರುವುದರಿಂದ ಸ್ವಲ್ಪ ಅಂಟು ಉಳಿಯಬಹುದು, ಅದಕ್ಕೆ ಗಾಬರಿ ಬೇಡ. ನೈಲಾನ್‌ಗೂ ಇದೇ ಬಣ್ಣ ಹತ್ತುತ್ತದೆ.

ಅಮೆರಿಕದ ಮಿನ್ನಿಯಾಪೊಲಿಸ್‌ನಿಂದ

ಆಂಟಿ, ಇಲ್ಲಿ ಮೈನಸ್ 20ರ ಚಳಿಯಲ್ಲಿ ಓಡಾಡುವವಳು ನಾನು. ದಪ್ಪ ಆದಷ್ಟೂ ಬೆಚ್ಚಗೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಬೂಟಿನೊಳಗೆ ಒತ್ತಿ ಕೂತ ಕಾಲುಚೀಲದಲ್ಲಿ ರಕ್ತ ಸರಿಯಾಗಿ ಹರಿಯುವುದಿಲ್ಲ, ಕಾಲು ಇನ್ನೂ ತಣ್ಣಗಾಗುತ್ತದೆ. ನೀವು ತೆಗೆದುಕೊಂಡ ತೆಳು ನೂಲೇ ಸರಿ. ಬೂಟನ್ನು ಅಲ್ಲಿಗೆ ಹೋದ ಮೇಲೆ, ಈ ಕಾಲುಚೀಲ ಹಾಕಿಕೊಂಡೇ ನೋಡಿ ತೆಗೆದುಕೊಳ್ಳಲು ಹೇಳಿ.

ಹಿಮ್ಮಡಿ ವಿಷಯ. ಪಟ್ಟೆ ಇರುವ ಕಾಲುಚೀಲಕ್ಕೆ ಆಫ್ಟರ್‌ಥಾಟ್ ಹೀಲ್, ಅಂದರೆ ಹಿಮ್ಮಡಿಯನ್ನು ಕೊನೆಗೆ ಸೇರಿಸುವುದು, ಅಂತ ಇದೆ, ಹೆಣಿಗೆಯ ಪ್ರಸಿದ್ಧ ಲೇಖಕಿ ಎಲಿಜಬೆತ್ ಝಿಮರ್ಮನ್ ಅವರಿಂದ ಜನಪ್ರಿಯವಾದ ವಿಧಾನ. ಹಿಮ್ಮಡಿ ಬರುವ ಜಾಗದಲ್ಲಿ ಅರ್ಧ ಹೊಲಿಗೆಗಳನ್ನು, ಅಂದರೆ 32ನ್ನು, ಯಾವುದಾದರೂ ಬೇರೆ ದಾರದಲ್ಲಿ ಹೆಣೆದುಬಿಡಿ. ಅದೇ 32ನ್ನು ಮತ್ತೆ ಎಡಗಡ್ಡಿಗೆ ದಾಟಿಸಿ ಪಟ್ಟೆ ನೂಲಲ್ಲಿ ಹೆಣೆದು ಮುಂದೆ ಹೋಗಿ. ನೇರ ಕೊಳವೆ ಹೆಣೆದ ಹಾಗೇ, ಪಟ್ಟೆ ಎಲ್ಲೂ ಕದಲುವುದಿಲ್ಲ. ಎಲ್ಲ ಮುಗಿದ ಮೇಲೆ ಆ ದಾರ ಬಿಡಿಸಿದರೆ ಮೇಲೆ 32, ಕೆಳಗೆ 32 ಹೊಲಿಗೆ ಸಿಗುತ್ತವೆ. ಮೂಲೆಗಳಲ್ಲಿ ತೂತು ಕಾಣದಿರಲು ಒಂದೆರಡು ಹೊಲಿಗೆ ಹೆಚ್ಚಿಗೆ ಎತ್ತಿಕೊಳ್ಳಿ. ಎತ್ತಿಟ್ಟ ನೂಲಲ್ಲಿ, ಬೆರಳ ತುದಿ ಹೆಣೆದ ಹಾಗೇ, ಎರಡೂ ಬದಿ ಸುತ್ತು ಬಿಟ್ಟು ಸುತ್ತು ಕಡಿಮೆ ಮಾಡುತ್ತಾ ಬಂದು ಕಿಚನರ್ ಹೊಲಿಗೆಯಲ್ಲಿ (ಎರಡು ಸಾಲುಗಳನ್ನು ಗೆರೆ ಕಾಣದ ಹಾಗೆ ಸೂಜಿಯಿಂದ ಸೇರಿಸುವುದು) ಮುಚ್ಚಿ. ಹಿಮ್ಮಡಿ ಸವೆದರೆ ಅದನ್ನು ಮಾತ್ರ ಬಿಚ್ಚಿ ಹೊಸದು ಹಾಕಬಹುದು.

ಮಡಿಕೇರಿಯಿಂದ

ಹಿಮ್ಮಡಿ ವಿಚಾರದಲ್ಲಿ ನನ್ನ ಅಭಿಪ್ರಾಯ ಬೇರೆ. ಪಾದದ ಮೇಲ್ಭಾಗ ಎತ್ತರ ಇದ್ದವರಿಗೆ ಆಫ್ಟರ್‌ಥಾಟ್ ಹೀಲ್ ಎಳೆಯುತ್ತದೆ. ಹೀಲ್ ಫ್ಲಾಪ್ (ಹಿಮ್ಮಡಿಯ ಹಿಂದೆ ಬರುವ ಚೌಕ ಪಟ್ಟಿ) ಮಾಡಿ ಗಸೆಟ್ (ಅದರ ಎರಡೂ ಬದಿಯ ತ್ರಿಕೋನ ತುಂಡು) ಹಾಕಿದರೆ ಕೂರುವ ರೀತಿಯೇ ಬೇರೆ. ಗಸೆಟ್‌ನಲ್ಲಿ ಹೊಲಿಗೆ ಜಾಸ್ತಿ ಇರುವುದರಿಂದ ಅಲ್ಲಿ ಪಟ್ಟೆ ಸ್ವಲ್ಪ ಸಣ್ಣದಾಗುತ್ತದೆ, ನಿಜ. ಆದರೆ ದಿನವಿಡೀ ಹಾಕಿಕೊಂಡು ನಡೆಯುವ ಹುಡುಗಿಗೆ ಪಟ್ಟೆಯ ಅಂದಕ್ಕಿಂತ ಕಾಲಿನ ಸುಖ ದೊಡ್ಡದಲ್ವಾ? ಮಗಳ ಪಾದ ನೋಡಿ ತೀರ್ಮಾನ ಮಾಡಿ.

ಸಾಗರದಿಂದ

ಗಿಡದ ಬಣ್ಣವನ್ನೂ ಒಮ್ಮೆ ಯೋಚಿಸಿ. ನೂಲಿನ ತೂಕಕ್ಕೆ ನೂರಕ್ಕೆ ಹತ್ತರಷ್ಟು ಪಟಿಕ ಹಾಕಿ, ಕುದಿಸದೆ ಒಂದು ಗಂಟೆ ಕಾಯಿಸಿದ ಮೇಲೆ, ನೂಲಿನಷ್ಟೇ ತೂಕದ ಈರುಳ್ಳಿ ಸಿಪ್ಪೆಯ ಕಷಾಯದಲ್ಲಿ ಇಡಿ. ಒಳ್ಳೆ ಹೊನ್ನಿನ ಬಣ್ಣ ಬರುತ್ತದೆ. ಕೆಂಪಿಗೆ ಗ್ರಂಥಿಗೆ ಅಂಗಡಿಯ ಮಂಜಿಷ್ಠ ಇದೆ. ಆದರೆ 70 ಡಿಗ್ರಿ ದಾಟಿಸಬೇಡಿ, ಕಂದು ತಿರುಗುತ್ತದೆ. ಬೋರ್‌ವೆಲ್ ನೀರಲ್ಲಿ ಕಬ್ಬಿಣದ ಅಂಶ ಇದ್ದರೆ ಈರುಳ್ಳಿ ಬಣ್ಣ ಪಾಚಿ ಹಸಿರಿಗೆ ಹೋಗುತ್ತದೆ, ಮಳೆನೀರು ಇದ್ದರೆ ಚೆನ್ನ. ಅರಿಸಿನ ಬಿಸಿಲಿಗೆ ಮಾಸುತ್ತದೆ, ಬೀಟ್‌ರೂಟ್ ನಿಲ್ಲುವುದೇ ಇಲ್ಲ. ಅವೆರಡಕ್ಕೂ ಕೈ ಹಾಕಬೇಡಿ.

ಚಳ್ಳಕೆರೆಯಿಂದ

ನಮ್ಮೂರ ಕಂಬಳಿ ಉಣ್ಣೆಯಲ್ಲಿ ಮಾಡಬಹುದಾ ಅಂತ ಕೆಲವರು ಕೇಳುತ್ತಾರೆ. ದಖ್ಖನಿ ಕುರಿಯ ಉಣ್ಣೆ ಒರಟು, ಕಂಬಳಿಗೆ ಅದೇ ಬಲ. ಬರಿಗಾಲಿಗೆ ಚುಚ್ಚುತ್ತದೆ. ಕಾಲುಚೀಲಕ್ಕೆ ಮೆರಿನೋ ಸರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಮಗಳ ಪಾದ ಚಪ್ಪಟೆ, ಹಾಗಾಗಿ ಆಫ್ಟರ್‌ಥಾಟ್ ಹೀಲ್ ಮಾಡುತ್ತೇನೆ. ಇನ್ನೆರಡು ಕೇಳಲಾ? ಎರಡೂ ಕಾಲಿನ ಪಟ್ಟೆ ಒಂದೇ ಥರ ಬರಲು ಏನು ಮಾಡಬೇಕು? ಅಲ್ಲಿ ಅವಳು ಒಗೆಯುವುದು ಹೇಗೆ?

ಮೈಸೂರಿನಿಂದ

ಎರಡು ಬಣ್ಣ ಒಂದಾದ ಮೇಲೆ ಒಂದು ಬರುವುದರಿಂದ ಸುಲಭ ಅಕ್ಕಾ. ಗುಲಾಬಿ ಮುಗಿದು ನೀಲಿ ಶುರುವಾಗುವ ಜಾಗದಿಂದಲೇ ಎರಡನ್ನೂ ಶುರು ಮಾಡಿ, ಎರಡರಲ್ಲೂ ಸುತ್ತುಗಳ ಲೆಕ್ಕ ಒಂದೇ ಇರಲಿ. ಮುಂದೆ ಮೂರು ಬಣ್ಣ ಮಾಡುವಾಗ 12 ಮೀಟರ್ ಲಡಿ ಬೇಕು. ಆಗ ಎರಡನೆಯದನ್ನು ಉಂಡೆಯ ಇನ್ನೊಂದು ತುದಿಯಿಂದ ಶುರು ಮಾಡಬೇಡಿ, ಬಣ್ಣಗಳ ಸಾಲು ಹಿಂದುಮುಂದಾಗುತ್ತದೆ. ಮೇಲಿನ ಪಟ್ಟಿಗೆ ಒಂದು ನಿಟ್, ಒಂದು ಪರ್ಲ್ (ಉಲ್ಟಾ ಹೊಲಿಗೆ) ಬರುವ ಹಿಗ್ಗುವ ರಿಬ್ ಹಾಕಿ. ಶುರುವಿನ ಹೊಲಿಗೆಗಳನ್ನು ಸಡಿಲವಾಗಿ ಹಾಕಿ, ಹಿಮ್ಮಡಿ ದಾಟಬೇಕಲ್ಲ.

ನೂಲು ಸೂಪರ್‌ವಾಶ್ ಇರುವುದರಿಂದ ಮಷಿನ್‌ನಲ್ಲಿ ತಣ್ಣೀರು, ಜೆಂಟಲ್ ಇಟ್ಟು ಒಗೆಯಬಹುದು. ಬಿಸಿ ಡ್ರೈಯರ್‌ಗೆ ಮಾತ್ರ ಹಾಕಬಾರದು, ಹರಡಿ ಒಣಗಿಸಲಿ. ಉಣ್ಣೆಗೆಂದೇ ಇರುವ ಲಿಕ್ವಿಡ್ ಬಳಸಲು ಹೇಳಿ. ಕಲೆ ತೆಗೆಯುವ ಎಂಜೈಮ್ ಇರುವ ಪುಡಿ ಉಣ್ಣೆಯನ್ನೇ ತಿನ್ನುತ್ತದೆ. ನೀವು ಮನೆಯಲ್ಲಿ ಮೊದಲ ಸಲ ತೊಳೆಯುವಾಗ ಅಂಟುವಾಳದ ನೀರು ಸಾಕು.

ಉಳಿದ ನೂಲಲ್ಲಿ ಗುಲಾಬಿ, ನೀಲಿ, ಹಿಮ್ಮಡಿಯದು, ಹೀಗೆ ಮೂರೂ ಬಣ್ಣದ ಒಂದಿಷ್ಟು, ಜೊತೆಗೆ ಒಂದು ದಪ್ಪ ಸೂಜಿ, ಮಗಳ ಪೆಟ್ಟಿಗೆಗೆ ಹಾಕಿ. ಹಿಮ್ಮಡಿ ತೆಳುವಾಗಿದ್ದು ಕಂಡ ಕೂಡಲೇ, ತೂತು ಬೀಳುವ ಮೊದಲೇ, ಹೊಲಿಗೆಗಳ ಮೇಲೇ ಸೂಜಿ ಓಡಿಸಿ ರಫು ಮಾಡಲಿ. ಹೋಗುವ ಮೊದಲು ಹೇಗೆ ಅಂತ ಒಮ್ಮೆ ಕೂತು ತೋರಿಸಿಕೊಡಿ.