‘ಇಯರ್‌ಕಾನ್’, ‘ಆಡಿಟರಿ ಐಕಾನ್’: ಎರಡಕ್ಕೂ ‘ಧ್ವನಿ ಸೂಚನೆ’ ಸಾಕೇ?

ಪ್ರಶ್ನೆ: ನಾನು ಕನ್ನಡಕ್ಕೆ ತರುತ್ತಿರುವ ತಂತ್ರಾಂಶವೊಂದರ ಸೆಟ್ಟಿಂಗ್ಸ್ ಪುಟದಲ್ಲಿ ‘ಇಯರ್‌ಕಾನ್’, ‘ಆಡಿಟರಿ ಐಕಾನ್’ ಬೇರೆ ಬೇರೆ ಸಾಲಿನಲ್ಲಿವೆ; ಎರಡೂ ಕಂಪ್ಯೂಟರ್ ಏನಾದರೂ ತಿಳಿಸಲು ಹೊರಡಿಸುವ ಪುಟ್ಟ ಸದ್ದುಗಳು. ಎರಡಕ್ಕೂ ‘ಧ್ವನಿ ಸೂಚನೆ’ ಎಂದು ಹಾಕಿದರೆ ತಪ್ಪೇ?

ಉತ್ತರ: ತಪ್ಪೇ. ಮೊದಲ ತೊಡಕು ‘ಧ್ವನಿ’ಯದು. ‘ಧ್ವನಿ ಹುಡುಕಾಟ’, ‘ಧ್ವನಿ ಸಂದೇಶ’ ಈಗ ರೂಢಿಗೆ ಬಂದಿವೆ. ಅಲ್ಲೆಲ್ಲ ಧ್ವನಿ ಎಂದರೆ ಮಾತು. ‘ಧ್ವನಿ ಸೂಚನೆ’ ಎಂದು ಓದಿದವರು ಯಾರೋ ‘ಎಡಕ್ಕೆ ತಿರುಗಿ’ ಎನ್ನುತ್ತಾರೆಂದು ಕಾಯುತ್ತಾರೆ, ಕೇಳಿಸುವುದು ಬರೀ ‘ಟಿಣ್’. ‘ಶಬ್ದ’ಕ್ಕೆ ಪದ ಎಂಬ ಅರ್ಥವೂ ಉಂಟು, ಶಬ್ದಕೋಶದಲ್ಲಿ ಸದ್ದೇನೂ ಇರುವುದಿಲ್ಲವಲ್ಲ. ‘ಸದ್ದು’ ಎಂದರೆ ಸಾಕು.

ಆಡಿಟರಿ ಐಕಾನ್ ಸಂಶೋಧಕ ವಿಲಿಯಂ ಗೇವರ್ 1986ರಲ್ಲಿ ಮುಂದಿಟ್ಟ ಕಲ್ಪನೆ: ದಿನಬಳಕೆಯ ವಸ್ತುಗಳ ಸದ್ದನ್ನೇ ಎರವಲು ತರುವುದು. ಅವರು ಆಪಲ್‌ನಲ್ಲಿ ರೂಪಿಸಿದ, ಕಡತಗಳ ಕೆಲಸಕ್ಕೆ ಸದ್ದು ಜೋಡಿಸಿದ ಸೋನಿಕ್‌ಫೈಂಡರ್ ಎಂಬ ತಂತ್ರಾಂಶದಲ್ಲಿ ಕಡತ ನಕಲಾಗುವಾಗ ಪಾತ್ರೆಗೆ ನೀರು ಸುರಿದಂತೆ ಕೇಳುತ್ತಿತ್ತು. ತುಂಬುತ್ತ ಬಂದಂತೆ ಸ್ಥಾಯಿ, ಅಂದರೆ ಸದ್ದಿನ ಕೀರಲುತನ, ಏರುತ್ತದೆ. ಇನ್ನೆಷ್ಟು ಬಾಕಿ ಎಂಬುದು ಪರದೆ ನೋಡದೆಯೇ ತಿಳಿಯುತ್ತದೆ. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಜಾಗ ಸಿದ್ಧವಾಗಿಯೇ ಇದೆ. ಗುಳುಗುಳು, ಧಡಾರನೆ, ಚಟಪಟ ಇವೆಲ್ಲ ಅನುಕರಣಾವ್ಯಯ ತಾನೆ? ಹಾಗಾಗಿ ‘ಅನುಕರಣ ಸದ್ದು’.

ಇಯರ್‌ಕಾನ್ ಹಾಗಲ್ಲ. ಸಂಶೋಧಕಿ ಮೀರಾ ಬ್ಲಾಟ್ನರ್ ಮತ್ತು ಸಂಗಡಿಗರು 1989ರಲ್ಲಿ ವಿವರಿಸಿದಂತೆ ಅದು ಕೆಲವೇ ಸ್ವರಗಳ ಪುಟ್ಟ ತುಣುಕು. ಸೂಚಿಸುವ ಕೆಲಸದೊಂದಿಗೆ ಅದಕ್ಕೆ ಹುಟ್ಟುನಂಟಿಲ್ಲ, ಕಲಿತೇ ತಿಳಿಯಬೇಕು. ‘ಮರ’ ಎಂಬ ಮಾತಿಗೂ ಮರಕ್ಕೂ ಇರುವಂಥದೇ ಸಂಬಂಧ. ‘ಸ್ವರಚಿಹ್ನೆ’ ಎನ್ನೋಣವೆಂದರೆ ಅದು ಆಗಲೇ ಕಾಗುಣಿತದ ಪಾಲಾಗಿದೆ. ‘ನಾದಗುರುತು’ ನನ್ನ ಆಯ್ಕೆ. ಕಣ್ಣಿಗೆ ಐಕಾನ್, ಕಿವಿಗೆ ಇಯರ್‌ಕಾನ್ ಎಂಬ ಇಂಗ್ಲಿಷಿನ ಶ್ಲೇಷೆ ಕನ್ನಡಕ್ಕೆ ದಾಟುವುದಿಲ್ಲ, ಬಿಡಿ.

ಸಹಾಯಪುಟವನ್ನೂ ಅನುವಾದಿಸುವುದಿದ್ದರೆ ‘ಪಿಚ್’ ಮತ್ತು ‘ಟಿಂಬರ್’ ಎರಡಕ್ಕೂ ‘ಸ್ವರ’ ಎಂದು ಬರೆಯಬೇಡಿ; ಮೊದಲನೆಯದು ಸ್ಥಾಯಿ, ಎರಡನೆಯದು ನಾದಗುಣ, ಅಂದರೆ ಒಂದೇ ಸ್ವರ ನುಡಿಸಿದರೂ ಕೊಳಲನ್ನೂ ವೀಣೆಯನ್ನೂ ಬೇರೆಯಾಗಿ ಕೇಳಿಸುವ ಗುಣ. ಇಲ್ಲಿ ಎಡವಿದರೆ ಸಹಾಯಪುಟದ ಸಲಹೆಯೇ ತಿರುವುಮುರುವಾಗುತ್ತದೆ. ಸ್ಥಾಯಿಯ ಸಣ್ಣ ವ್ಯತ್ಯಾಸವೊಂದನ್ನೇ ನಂಬಿದರೆ ಕೇಳುವವರಿಗೆ ಎರಡು ಗುರುತು ಒಂದೇ ಅನಿಸುತ್ತವೆ. ಬೇರ್ಪಡಿಸಬೇಕಾದ್ದು ನಾದಗುಣ ಮತ್ತು ಲಯದಿಂದ. ಕಡತದ ಕೆಲಸಗಳಿಗೆಲ್ಲ ಕೊಳಲು ಎಂದಿಟ್ಟುಕೊಳ್ಳಿ: ತೆರೆದರೆ ಏರುವ ಎರಡು ಸ್ವರ, ಅಳಿಸಿದರೆ ಬಿರುಸಾಗಿ ಇಳಿಯುವ ಮೂರು. ಒಂದು ಗುರುತಿನ ಬೆನ್ನಿಗೆ ಇನ್ನೊಂದು ಗುರುತು ಬರುವಾಗ ನಡುವೆ 0.1 ಸೆಕೆಂಡಿನಷ್ಟಾದರೂ ಬಿಡುವಿರಬೇಕು, ಇಲ್ಲದಿದ್ದರೆ ಅಂಟಿಕೊಂಡು ಮೂರನೆಯದೇ ಗುರುತಾಗಿ ಕೇಳುತ್ತವೆ. ಸದ್ದಿನ ಜೋರಿಗಂತೂ ಅರ್ಥ ಹೊರಿಸುವಂತಿಲ್ಲ. ವಾಲ್ಯೂಮ್ ಬಳಸುವವರ ಕೈಯಲ್ಲಿರುತ್ತದೆ.

ಪಟ್ಟಿಯಲ್ಲಿ ‘ಅಲರ್ಟ್’ ಇದ್ದರೆ ‘ಎಚ್ಚರಿಕೆ ಸದ್ದು’ ಎನ್ನಿ, ಆದರೆ ಇವುಗಳ ಸಾಲಿನ ಮೂರನೇ ಬಗೆಯೆಂದು ಸೇರಿಸಬೇಡಿ. ಅದು ಕೆಲಸದಿಂದ ಬಂದ ಹೆಸರು. ಗಾಜು ಒಡೆದ ಸದ್ದೂ ಎಚ್ಚರಿಸಬಹುದು, ಮೂರು ಸ್ವರದ ನಾದಗುರುತೂ ಎಚ್ಚರಿಸಬಹುದು.