ಒಂಟಿ ಸಮುದ್ರಯಾನಕ್ಕೆ ಹೊರಡುವವರ ಮಾನಸಿಕ ಸಿದ್ಧತೆಗೆ ಬೆಂಗಳೂರಿನಲ್ಲಿ ಯಾರ ನೆರವು ಪಡೆಯಬಹುದು?

ಪ್ರಶ್ನೆ (ಜಯನಗರ)

ನನ್ನ ತಮ್ಮ ಮುಂದಿನ ವರ್ಷ ಹಾಯಿದೋಣಿಯಲ್ಲಿ ಒಬ್ಬನೇ ಹಿಂದೂ ಮಹಾಸಾಗರ ದಾಟಲು ಸಿದ್ಧನಾಗುತ್ತಿದ್ದಾನೆ. ದೋಣಿಯ ದುರಸ್ತಿ, ಹವಾಮಾನ, ಪ್ರಥಮ ಚಿಕಿತ್ಸೆ ಎಲ್ಲವನ್ನೂ ಕಲಿತಿದ್ದಾನೆ. ಆದರೆ ವಾರಗಟ್ಟಲೆ ಮನುಷ್ಯರ ಮುಖ ಕಾಣದೆ ಇರಲು ಮನಸ್ಸನ್ನು ಹೇಗೆ ಅಣಿಗೊಳಿಸುತ್ತೀಯೆಂದು ಕೇಳಿದರೆ, ಹೋದಮೇಲೆ ತಾನಾಗಿ ಅಭ್ಯಾಸವಾಗುತ್ತದೆ ಎನ್ನುತ್ತಾನೆ. ಯಾರನ್ನು ಕಾಣಬೇಕು? ಅವನು ಸಮುದ್ರದಲ್ಲಿರುವಾಗ ಮನೆಯಲ್ಲಿ ಅನಾಹುತವಾದರೆ ತಿಳಿಸಬೇಕೇ?

ಉತ್ತರ 1

ಮೇಡಂ, ನಾನು ಆಪ್ತಸಮಾಲೋಚಕಿ. ಒಂಟಿತನಕ್ಕಿಂತ ಮೊದಲು ಅವರನ್ನು ಕಾಡುವುದು ನಿದ್ದೆಯ ಕೊರತೆ. ಹಡಗುಗಳು ಓಡಾಡುವ ಕಡೆ ಒಂಟಿ ನಾವಿಕರು ಇಪ್ಪತ್ತು, ಮೂವತ್ತು ನಿಮಿಷಗಳಷ್ಟೇ ಮಲಗಿ ಏಳುತ್ತಾರೆ. ಹೀಗೆ ಕೆಲವು ದಿನ ಕಳೆದರೆ ಇಲ್ಲದ ದನಿ ಕೇಳಿಸುವುದು, ಪಕ್ಕದಲ್ಲಿ ಯಾರೋ ಇದ್ದಂತೆನಿಸುವುದು ಆರೋಗ್ಯವಂತರಲ್ಲೂ ಉಂಟು. 1895ರಲ್ಲಿ ಹೊರಟು, ಒಬ್ಬರೇ ಭೂಪ್ರದಕ್ಷಿಣೆ ಮಾಡಿದವರಲ್ಲಿ ಮೊದಲಿಗರಾದ ಜೋಶುವಾ ಸ್ಲೋಕಮ್, ತಾವು ಅಸ್ವಸ್ಥರಾಗಿ ಮಲಗಿದ್ದಾಗ ಕೊಲಂಬಸನ ‘ಪಿಂಟಾ’ ಹಡಗಿನವನೊಬ್ಬ ಬಂದು ಚುಕ್ಕಾಣಿ ಹಿಡಿದಿದ್ದನೆಂದು ಬರೆದಿದ್ದಾರೆ. ಮೊದಲೇ ತಿಳಿದಿದ್ದರೆ ‘ನನಗೀಗ ನಿದ್ದೆ ಬೇಕು’ ಎಂದು ಗುರುತಿಸಬಹುದು. ತಿಳಿಯದಿದ್ದರೆ ಹುಚ್ಚು ಹಿಡಿಯಿತೆಂಬ ಭಯವೇ ದೊಡ್ಡದಾಗುತ್ತದೆ. ಹೊರಡುವ ಕೆಲವು ತಿಂಗಳ ಮೊದಲೇ ನಿಮ್ಹಾನ್ಸ್‌ನಲ್ಲಿ ಅಥವಾ ಕ್ರೀಡಾಪಟುಗಳೊಂದಿಗೆ ಕೆಲಸ ಮಾಡುವ ಮನಶ್ಶಾಸ್ತ್ರಜ್ಞರಲ್ಲಿ ಮಾತನಾಡಿಸಿ. ಹಿಂದೆ ಖಿನ್ನತೆಯಿತ್ತೇ, ನಿದ್ದೆಗೆಟ್ಟಾಗ ಅವರ ನಿರ್ಧಾರಗಳು ಹೇಗಿರುತ್ತವೆ ಎಂಬುದನ್ನು ಮುಚ್ಚಿಡದೆ ಹೇಳಲಿ. ನಿಮ್ಮ ಆತಂಕಕ್ಕೂ ಆಸರೆ ಬೇಕು: ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಉತ್ತರ 2

ಇದಕ್ಕೆ ಒಂದು ಮಾತು ಸೇರಿಸಬೇಕು. ಒಬ್ಬರೇ ಎಲ್ಲೂ ನಿಲ್ಲದೆ ಭೂಪ್ರದಕ್ಷಿಣೆ ಮಾಡುವ 1968ರ ಗೋಲ್ಡನ್ ಗ್ಲೋಬ್ ಹಾಯಿದೋಣಿ ಸ್ಪರ್ಧೆಯಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್ ಸೋಲೊಪ್ಪಿ ಹಿಂದಿರುಗಿದರೆ ದಿವಾಳಿಯಾಗುವ ಸ್ಥಿತಿಯಲ್ಲಿದ್ದರು. ತಾವಿರುವ ಜಾಗದ ಬಗ್ಗೆ ರೇಡಿಯೊದಲ್ಲಿ ಸುಳ್ಳು ವರದಿ ಕಳಿಸುತ್ತ ತಿಂಗಳುಗಟ್ಟಲೆ ಕಳೆದರು, ಕೊನೆಗೆ 1969ರ ಜುಲೈನಲ್ಲಿ ಅವರ ದೋಣಿ ಮಾತ್ರ ಸಿಕ್ಕಿತು. ಆದ್ದರಿಂದ ‘ಅರ್ಧದಲ್ಲೇ ಬಂದರೂ ನಮಗೆ ಸಂತೋಷ’ ಎಂದು ಈಗಲೇ, ಪ್ರಾಯೋಜಕರ ಎದುರಿಗೇ ಹೇಳಿ. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ 2018ರಲ್ಲಿ ಬೆನ್ನುಮೂಳೆ ಮುರಿದು ಇದೇ ಹೆಸರಿನ ಸ್ಪರ್ಧೆಯಿಂದ ಹೊರಬಂದರೂ, ಮತ್ತೆ ಹೊರಟು 2023ರಲ್ಲಿ ಎರಡನೆಯವರಾಗಿ ಗುರಿ ತಲುಪಿದರು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಕೆಟ್ಟ ಸುದ್ದಿಯ ವಿಚಾರ?

ಉತ್ತರ 1

ಅದನ್ನು ನಿರ್ಧರಿಸಬೇಕಾದವರು ನಿಮ್ಮ ತಮ್ಮನವರೇ. ಯಾವ ಸುದ್ದಿ ತಕ್ಷಣ ಬೇಕು, ಯಾವುದು ದಡ ಸೇರಿದಮೇಲೆ ಸಾಕು ಎಂಬುದನ್ನು ಹೊರಡುವ ಮುನ್ನ ಬರೆಸಿಕೊಳ್ಳಿ. ದಡದಲ್ಲಿ ಒಬ್ಬರಿಗೆ ಮಾತ್ರ ಸುದ್ದಿ ಮುಟ್ಟಿಸುವ ಹೊಣೆ ಇರಲಿ. ನಿಮ್ಮ ತಮ್ಮನವರ ದನಿಯಲ್ಲಿ ಬದಲಾವಣೆ ಕಂಡರೆ ವೈದ್ಯರನ್ನು ಸಂಪರ್ಕಿಸುವವರೂ ಅವರೇ ಆಗಲಿ. ಹಿಂದಿರುಗಿದ ಮೊದಲ ವಾರದಲ್ಲಿ ಸನ್ಮಾನ ಸಮಾರಂಭಗಳನ್ನು ಒಪ್ಪಿಕೊಳ್ಳಬೇಡಿ, ಏಕೆಂದರೆ ಬೆಂಗಳೂರಿನ ಸದ್ದು, ಜನಜಂಗುಳಿ ಅವರಿಗೆ ಆಗ ತೀರಾ ಭಾರವಾಗಬಹುದು. ಅದೇ ಮನಶ್ಶಾಸ್ತ್ರಜ್ಞರ ಭೇಟಿಯನ್ನು ಆ ವಾರಕ್ಕೂ ಈಗಲೇ ಗೊತ್ತುಮಾಡಿಡಿ.